ಎರಡನೇ ಸಾಲಿನ ಅಂಕಿ

ಲಕ್ಲನ್‌ಗೆ ಉಳಿದದ್ದು ಒಂದೇ ಬೆಟ್ಟ. ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿ ದಾಟಿದ ಇನ್ನೂರ ಎಂಬತ್ತೆರಡು ಶಿಖರಗಳ ಪಟ್ಟಿ ಹಿಡಿದು ಅವನು ಹತ್ತಲು ಶುರುಮಾಡಿ ನಲವತ್ತು ವರ್ಷ. ಇನ್ನೂರ ಎಂಬತ್ತೊಂದು ಮುಗಿದಿದ್ದವು. ಸೋಮವಾರ ಸೊಂಟದ ಆಪರೇಷನ್; ಆಮೇಲೆ ಬೆಟ್ಟದ ಮಾತೇ ಬೇಡ ಎಂದಿದ್ದರು ಡಾಕ್ಟರು. ಹಾಗಾಗಿ ಅಕ್ಟೋಬರಿನ ಆ ಶನಿವಾರ ಮಳೆ ಸುರಿಯಲಿ, ಆಕಾಶವೇ ಕಳಚಿ ಬೀಳಲಿ, ಬೆನ್ ಲೀಷ್ ಹತ್ತಲೇಬೇಕಿತ್ತು.

ಬೆಳಗ್ಗೆ ಎಂಟಕ್ಕೆ ಮೂವರೂ ಬೆಟ್ಟದ ಬುಡದಲ್ಲಿ ಕಾರಿನೊಳಗೆ ಕೂತಿದ್ದರು. ತಗಡಿನ ಮೇಲೆ ಮಳೆ ಕಾಳು ಹುರಿದ ಹಾಗೆ ಸದ್ದು ಮಾಡುತ್ತಿತ್ತು. ದಾರಿ ತೋರಿಸೋದು ಯಾವುದು ಅನ್ನೋದು ಅಲ್ಲೇ ತೀರ್ಮಾನವಾಗಬೇಕಿತ್ತು. ಲಕ್ಲನ್‌ನ ಅಂಗೈಯಲ್ಲಿ ಹಳೇ ದಿಕ್ಸೂಚಿ, ಮಡಿಲಲ್ಲಿ ಕಾಗದದ ನಕ್ಷೆ. ಮಗಳು ಇಶ್ಬೆಲ್, ಶಾಲೆಯ ಟೀಚರು, ಫೋನಿನಲ್ಲಿ ಬಣ್ಣದ ನಕ್ಷೆ ಬಿಚ್ಚಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಲಕ್ಲನ್‌ನ ತಮ್ಮನ ಮಗ ಸ್ಟ್ರೂವನ್. ಹದಿನೈದಕ್ಕೇ ಶಾಲೆ ಬಿಟ್ಟು, ಆರು ವರ್ಷದಿಂದ ಬೆಟ್ಟದ ಕಾಲುದಾರಿಗಳಿಗೆ ಕಲ್ಲು ಹಾಸುವ ಕೆಲಸ ಮಾಡುವವನು.

ಅವನ ಕುತ್ತಿಗೆಗೆ ದಾರದಲ್ಲಿ ಒಂದು ಹಳದಿ ಡಬ್ಬಿ ನೇತಾಡುತ್ತಿತ್ತು. ಯಾರೋ ಬಳಸಿ ಬಿಟ್ಟ ಜಿಪಿಎಸ್. ನಕ್ಷೆಯಿಲ್ಲ, ಬಣ್ಣವಿಲ್ಲ, ಎರಡು ಸಾಲು ಅಂಕಿ, ಮುಗೀತು. ಮೊದಲ ಸಾಲು ಪೂರ್ವಕ್ಕೆ ಹೋದರೆ ಏರುತ್ತದೆ, ಎರಡನೆಯದು ಉತ್ತರಕ್ಕೆ ಹೋದರೆ. ಅವನ್ನು ಕಾಗದದ ನಕ್ಷೆಯ ಮೇಲೆ ಹುಡುಕಿದರೆ ನಿಂತ ಜಾಗ ಸಿಗುತ್ತದೆ. ಗುಂಡಿಗಳು ಅವರೆಕಾಳಿನಷ್ಟು ದಪ್ಪ. ನೆಂದ ಕೈಗವಸಲ್ಲೂ ಒತ್ತಬಹುದು. ಅದಕ್ಕೇ ಅವನು ಅದನ್ನು ಆರಿಸಿದ್ದ.

"ಏನೋ ಅದು, ಕ್ಯಾಲ್ಕುಲೇಟರಾ?" ಅಂದಳು ಇಶ್ಬೆಲ್. "ಲೆಕ್ಕದ ಕ್ಲಾಸಿಗೆ ಚಕ್ಕರ್ ಹೊಡೆದೋನು ಈಗ ಅಂಕಿ ಕಟ್ಕೊಂಡು ಬೆಟ್ಟ ಹತ್ತುತಾನಂತೆ."

"ಮಳೇಲಿ ನಿನ್ನ ಫೋನು ಕೈ ಕೊಡುತ್ತೆ ಕಣಕ್ಕ."

ಲಕ್ಲನ್ ಇಬ್ಬರನ್ನೂ ಸುಮ್ಮನಿರಿಸಿದ. ಕೊನೆಯ ಶಿಖರ ಯಾರದೋ ಅವರೇ ಮುಂದೆ ನಡೆಯಬೇಕು, ಜೊತೆಗೆ ಬಂದವರು ದಾರಿ ಹೇಳಬಾರದು. ಬೆಟ್ಟ ಹತ್ತುವವರ ನಡುವೆ ನಡೆದು ಬಂದ ಪದ್ಧತಿ ಅದು. ದಿಕ್ಸೂಚಿ ಸಾಕು, ಆ ಡಬ್ಬಿ ಆಫ್ ಮಾಡು ಅಂದ. ಸ್ಟ್ರೂವನ್ ಹಲ್ಲು ಕಚ್ಚಿ ಆಫ್ ಮಾಡಿ ಅಂಗಿಯೊಳಗೆ ಇಳಿಬಿಟ್ಟ. ಅಪ್ಪನ ಎದೆಯ ಜೇಬಿಗೆ ನೀರು ಇಳಿಯುವುದಿಲ್ಲವೆಂದು ಇಶ್ಬೆಲ್ ತನ್ನ ಫೋನನ್ನೂ ಅದರೊಳಕ್ಕೇ ತುರುಕಿದಳು. ದಿಕ್ಸೂಚಿಯೂ ಅಲ್ಲೇ ಇತ್ತು.

ದಾರಿ ಬೆಟ್ಟದ ಬೆನ್ನುಮೂಳೆಯಂಥ ಪೂರ್ವದ ಏಣಿನ ಮೇಲೆ ಹಾದು ಪಶ್ಚಿಮಕ್ಕೆ ಏರುತ್ತಿತ್ತು. ಕೆಳಗಿನ ಕಣಿವೆಯಲ್ಲಿ ಒಣಗಿದ ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿ ಮಲಗಿದ್ದವು. ಹೊಳೆ ಉಕ್ಕಿ ದಾರಿಯ ಕಲ್ಲುಗಳ ಮೇಲೇ ಹರಿಯುತ್ತಿತ್ತು. ಎಲ್ಲೋ ಮೇಲೆ ಒಂದು ಗಂಡು ಜಿಂಕೆ ಗಂಟಲು ಕಟ್ಟಿದವರ ಹಾಗೆ ಬೊಬ್ಬಿಡುತ್ತಿತ್ತು. ಸಾವಿರದ ಇನ್ನೂರು ಅಡಿಗೆಲ್ಲ ಮೋಡದ ಹೊಟ್ಟೆಯೊಳಕ್ಕೆ ಹೊಕ್ಕರು. ಅಲ್ಲಿಂದಾಚೆ ಲೋಕವೆಂದರೆ ಮುಂದಿನವರ ಬೆನ್ನು ಮತ್ತು ಎಂಟು ಹೆಜ್ಜೆ ಹುಲ್ಲು. ಲಕ್ಲನ್ ಸೊಂಟ ಎಳೆಯುತ್ತಾ, ಕೋಲೂರುತ್ತಾ, ಒಮ್ಮೆಯೂ ನಿಲ್ಲದೆ ನಾಲ್ಕು ಗಂಟೆ ನಡೆದ.

ಏಣಿನ ತಲೆಯಲ್ಲಿ, ಗುರುತಿಗೆಂದು ಪೇರಿಸಿದ ಕಲ್ಲುಗುಪ್ಪೆಯೊಂದರ ಬಳಿ ದಾರಿ ಮುಗಿದು ಬಂಡೆಗಳಷ್ಟೇ ಉಳಿದವು. ಶಿಖರ ಅಲ್ಲಿಂದ ಉತ್ತರಕ್ಕೆ ಇನ್ನೂರು ಮೀಟರ್. ದಕ್ಷಿಣಕ್ಕೆ ಇಳಿಜಾರು, ಅದರ ಕೊನೆಗೆ ಪ್ರಪಾತ. ಗಾಳಿ ತಪ್ಪಿಸಿಕೊಳ್ಳಲು ಬಂಡೆಗಳ ಸಂದಿಯಲ್ಲಿ ಮುದುರಿ ಕೂತು ಓಟ್ಸ್ ಬಿಸ್ಕತ್ತು, ಚೀಸು ತಿಂದರು. ಎದ್ದು ಹೊರಬಂದಾಗ ಯಾವ ಕಡೆಯಿಂದ ಬಂದೆವೆಂಬುದೇ ಯಾರಿಗೂ ನೆನಪಿರಲಿಲ್ಲ. ಸುತ್ತ ಎಲ್ಲ ಒಂದೇ ಬೂದಿ ಬಣ್ಣ.

ಲಕ್ಲನ್ ದಿಕ್ಸೂಚಿ ತೆಗೆದು ಮುಳ್ಳು ನೋಡಿ ನಡೆದ. ನೆಲ ಇಳಿಯತೊಡಗಿತು.

ಶಿಖರ ಮೇಲಲ್ಲವಾ ಅಂತ ಸ್ಟ್ರೂವನ್ ಕೇಳಿದ. ಮೊದಲು ಸಣ್ಣ ತಗ್ಗಿದೆ, ನಕ್ಷೆ ನೋಡು ಅಂದ ಲಕ್ಲನ್. ತಗ್ಗು ಮುಗಿಯಲಿಲ್ಲ. ಇಪ್ಪತ್ತು ನಿಮಿಷ ಇಳಿದರೂ ಮುಗಿಯಲಿಲ್ಲ. ಕಾಲಡಿಯ ಹುಲ್ಲು ಹೋಗಿ ಜಾರುವ ಕಲ್ಲುಪುಡಿ ಬಂತು. ಸ್ಟ್ರೂವನ್ ಗೊಣಗಿದ: ಪದ್ಧತಿಯಂತೆ ಪದ್ಧತಿ.

ಆಗ ಲಕ್ಲನ್ ಜಾರಿ ಕೂತ.

ಅವನ ಕಾಲು ಸರಿಸಿದ ಕಲ್ಲೊಂದು ಉರುಳಿತು. ಮೋಡದೊಳಗೆ ಮಾಯವಾಯಿತು. ಬಿದ್ದ ಸದ್ದು ಬರಲೇ ಇಲ್ಲ.

ಇಶ್ಬೆಲ್ ಅಪ್ಪನ ಜೇಬಿನಿಂದ ಫೋನು ಎಳೆದಳು. ಮಳೆಹನಿ ಬಿದ್ದಲ್ಲೆಲ್ಲ ತೆರೆ ತಾನೇ ತಿರುಗಿತು, ನಕ್ಷೆ ಹಿಗ್ಗಿತು, ಕುಗ್ಗಿತು, ಕ್ಯಾಮೆರಾ ತೆರೆಯಿತು. ಒರೆಸಿದಷ್ಟೂ ಒದ್ದೆ. ಅವಳ ಮರಗಟ್ಟಿದ ಬೆರಳನ್ನು ಅದು ಬೆರಳೆಂದೇ ಒಪ್ಪಲಿಲ್ಲ. ಸಿಗ್ನಲ್ಲಿನ ಕಡ್ಡಿ ಒಂದೂ ಇರಲಿಲ್ಲ.

ಸ್ಟ್ರೂವನ್ ಅಂಗಿಯೊಳಗಿಂದ ಹಳದಿ ಡಬ್ಬಿ ತೆಗೆದು ಗುಂಡಿ ಒತ್ತಿದ. ಕಾದ. ಅಂಕಿ ಬಂದವು. ದೊಡ್ಡಪ್ಪನ ದಿಕ್ಸೂಚಿ ಇಸಿದುಕೊಂಡು, ಅದು ಉತ್ತರ ಅನ್ನುವ ಕಡೆಗೆ ಇಳಿಜಾರಿನಲ್ಲಿ ಕೂತೇ ಹದಿನೈದು ಮೀಟರ್ ತೆವಳಿದ. ಎರಡನೇ ಸಾಲಿನ ಅಂಕಿ ಏರಬೇಕಿತ್ತು. ಇಳಿಯಿತು. ವಾಪಸು ತೆವಳಿದ. ಏರಿತು.

"ಕಂಪಾಸು ತಿರುಗಾಮುರುಗಾ ಆಗಿದೆ ದೊಡ್ಡಪ್ಪ. ನಾವು ದಕ್ಷಿಣಕ್ಕೆ ಬಂದಿದೀವಿ."

"ನಲವತ್ತು ವರ್ಷದಲ್ಲಿ ಅದು ಸುಳ್ಳು ಹೇಳಿಲ್ಲ ಕಣೋ." ಚಳಿಗೆ ಲಕ್ಲನ್‌ನ ನಾಲಿಗೆ ದಪ್ಪಗಾಗಿತ್ತು, ಮಾತು ಕುಡಿದವರ ಮಾತಿನಂತಿತ್ತು.

"ನಲವತ್ತು ವರ್ಷ ಅದರ ಪಕ್ಕ ಅಯಸ್ಕಾಂತ ಇಟ್ಟಿರಲಿಲ್ಲ." ಸ್ಟ್ರೂವನ್ ಫೋನಿನ ಕವರನ್ನು ಬಿಚ್ಚಿ ಮುಚ್ಚಿ ತೋರಿಸಿದ. ಟಪ್ ಎಂದು ಅಂಟಿಕೊಂಡಿತು. "ಬೆಳಗ್ಗೆಯಿಂದ ಎರಡನ್ನೂ ಒಂದೇ ಜೇಬಲ್ಲಿ ಮಲಗಿಸಿದೀರಿ. ಮುಳ್ಳಿನ ತಲೆ ಬಾಲ ಅದಲುಬದಲಾಗಿದೆ."

ಇಶ್ಬೆಲ್ ಆ ಕವರನ್ನು ನೋಡಿದಳು. ಅಪ್ಪನ ಜೇಬಿಗೆ ಫೋನು ತುರುಕಿದ್ದು ಅವಳೇ. ಅವಳ ಮುಖ ನೋಡಿ ಸ್ಟ್ರೂವನ್ ಬೈಯದೆ ಫೋನು ವಾಪಸು ಕೊಟ್ಟ. ಗೆದ್ದೆ ಅನ್ನಿಸಬೇಕಿತ್ತು, ಏನೂ ಅನ್ನಿಸಲಿಲ್ಲ. ಎಲ್ಲಿದ್ದೇವೆಂದು ಗೊತ್ತಾಯಿತು, ಸರಿ. ಅರವತ್ತೆಂಟು ವರ್ಷದ, ಒದ್ದೆ ಮೂಟೆಯಾದ ಮನುಷ್ಯನನ್ನು ಆ ಅಂಕಿ ಎತ್ತಿ ನಿಲ್ಲಿಸುತ್ತದಾ?

ಒಬ್ಬರು ಮುಂದಿನಿಂದ ಎಳೆದರು, ಒಬ್ಬರು ಹಿಂದಿನಿಂದ ನೂಕಿದರು. ಮೂರು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಚಳಿಗೆ ನಡುಗುತ್ತಿದ್ದ ಲಕ್ಲನ್‌ನ ನಡುಕ ನಿಂತಿತು. ಅದು ಚಳಿ ಮೈಯೊಳಕ್ಕೆ ಇಳಿದ ಗುರುತು, ಒಳ್ಳೆಯದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಅವನು, ನನ್ನನ್ನ ಇಲ್ಲೇ ಬಿಟ್ಟು ಹೋಗಿ, ಬೆಚ್ಚಗಿದೆ ಅಂದ. ಇಶ್ಬೆಲ್ ಅಪ್ಪನ ಕೆನ್ನೆಗೆ ಹೊಡೆದಳು. ಹೊಡೆದು ಅತ್ತಳು. ಮತ್ತೆ ನೂಕಿದಳು.

ಕಲ್ಲುಗುಪ್ಪೆ ಮೋಡದೊಳಗಿಂದ ಎದ್ದು ಬಂದಾಗ ಒಂದೂವರೆ ಗಂಟೆ ಕಳೆದಿತ್ತು. ಬಂಡೆಯ ಮರೆಯಲ್ಲಿ ಸ್ಟ್ರೂವನ್ ತನ್ನ ಒಣ ಸ್ವೆಟರು ತೊಡಿಸಿ, ಇಶ್ಬೆಲ್ ಸಕ್ಕರೆ ಟೀ ಗುಟುಕು ಗುಟುಕಾಗಿ ಕುಡಿಸಿ ಕೂರಿಸಿದ ಮೇಲೆ ಲಕ್ಲನ್ ಮತ್ತೆ ನಡುಗತೊಡಗಿದ. ಕಣ್ಣಿಗೆ ಜೀವ ಬಂತು.

"ಶಿಖರ ಎಷ್ಟು ದೂರ?" ಅಂತ ಕೇಳಿದ.

ಸ್ಟ್ರೂವನ್ ಡಬ್ಬಿ ನೋಡಿದ. ಹತ್ತಿ ಬಂದಿದ್ದೀವಿ ಅಂದುಬಿಡಬಹುದಿತ್ತು. ಇದೇ ಅದು ಅಂತ ಕಲ್ಲುಗುಪ್ಪೆ ತೋರಿಸಿದರೆ ಈ ಮೋಡದಲ್ಲಿ ನಂಬುತ್ತಿದ್ದ. ಪಟ್ಟಿ ಪರೀಕ್ಷೆ ಮಾಡುವವರು ಯಾರೂ ಇಲ್ಲ, ಹತ್ತಿದವನ ಮಾತೇ ಸಾಕ್ಷಿ.

"ಇನ್ನೂರು ಮೀಟರ್," ಅಂದ. "ಆ ಕಡೆ."

ಲಕ್ಲನ್ ಕೋಲೂರಿ ಎದ್ದ. ಯಾರೂ ತಡೆಯಲಿಲ್ಲ. ತಡೆಯುವ ಹಕ್ಕು ಯಾರಿಗಿತ್ತು? ಹನ್ನೊಂದು ಹೆಜ್ಜೆ ನಡೆದ. ಹನ್ನೆರಡನೆಯದಕ್ಕೆ ಸೊಂಟ ಕಾಲನ್ನು ಎತ್ತಿಕೊಡಲಿಲ್ಲ. ಅಲ್ಲೇ ನಿಂತು, ಮೋಡದ ಬೂದಿ ಬಣ್ಣದ ಗೋಡೆಯನ್ನು ಬಹಳ ಹೊತ್ತು ನೋಡಿದ. ಕೈಲಾಗದವರಾಗಿ ಮಿಕ್ಕಿಬ್ಬರೂ ಅವನ ಬೆನ್ನು ನೋಡಿದರು. ಸ್ಟ್ರೂವನ್‌ಗೆ ಬೆಟ್ಟದ ಮೇಲೆ, ಮಳೆಯ ಮೇಲೆ, ಆ ಫೋನು ಮಾಡಿದವನ ಮೇಲೆ, ಬೆಳಗ್ಗೆ ಬಾಯಿ ಮುಚ್ಚಿಕೊಂಡ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕಣ್ಣೆಲ್ಲ ತುಂಬಿಕೊಂಡಿತು.

"ನಡೀರಿ, ಇಳಿಯೋಣ," ಅಂದ ಲಕ್ಲನ್.

ಸ್ಟ್ರೂವನ್ ಅಂಕಿ ಓದುತ್ತಾ ಮುಂದೆ, ದೊಡ್ಡಪ್ಪ ನಡುವೆ, ಅಕ್ಕ ಹಿಂದೆ. ಪೂರ್ವದ ಏಣು ಸಿಕ್ಕಿತು, ದಾರಿ ಸಿಕ್ಕಿತು. ನಾಲ್ಕು ಗಂಟೆಯಲ್ಲಿ ಹತ್ತಿದ್ದನ್ನು ಇಳಿಯಲು ಐದು ಗಂಟೆ ಹಿಡಿಯಿತು. ಕೊನೆಗೆ ಹೊಳೆಯನ್ನು ಸ್ಟ್ರೂವನ್ ದೊಡ್ಡಪ್ಪನನ್ನು ಬೆನ್ನ ಮೇಲೆ ಹೊತ್ತು ದಾಟಿದ.

ಕಾರಿನ ಹೀಟರು ಬಿಸಿಯಾಗುವ ಹೊತ್ತಿಗೆ ಫೋನು ಒಣಗಿ ತಾನಾಗಿ ರಿಂಗಾಯಿತು. ಹಳ್ಳಿಯ ಹೋಟೆಲಿನಲ್ಲಿ ಹತ್ತಾರು ಗೆಳೆಯರು ಸಂಭ್ರಮಕ್ಕೆ ಕಾದಿದ್ದರು. ಏನು ಹೇಳುವುದೆಂದು ಇಶ್ಬೆಲ್ ಅಪ್ಪನ ಕಡೆ ನೋಡಿದಳು. ಅವನು ಕೈ ಚಾಚಿದ. ಬೆರಳು ಮಡಚಲಾಗದ್ದರಿಂದ ಸ್ಟ್ರೂವನ್ ಫೋನನ್ನು ಅವನ ಕಿವಿಗೆ ಹಿಡಿದ.

"ಇನ್ನೂರ ಎಂಬತ್ತೊಂದೇ," ಅಂದ ಲಕ್ಲನ್. "ಇಲ್ಲ, ಇಲ್ಲ, ಮೂರೂ ಜನ ಇದೀವಿ. ಮೂರೂ ಜನ ಕೆಳಗಿದೀವಿ." ಆಚೆಯವರ ಮಾತು ಕೇಳಿಸಿಕೊಂಡ. "ಕೇಕು ಕತ್ತರಿಸ್ರಪ್ಪ. ಅದರ ಮೇಲೆ ಬರೆಸಿರೋ ಅಂಕಿ ಮಾತ್ರ ಚಾಕುವಲ್ಲಿ ಕೆರೆದು ಹಾಕಿ."