ಗೊಂಬೆಯ ಹೊಟ್ಟೆಯ ಕಿಂಡಿ

"ನಿಮ್ಮ ಮದುವೆಗೆ ನನ್ನ ಪೂರ್ತಿ ಬೆಂಬಲ ಇದೆ" ಎಂದು ಮೇಯರ್ ಕಾರೆನ್ಯೊ ನಮ್ಮ ಅಂಗಳದಲ್ಲಿ ನಿಂತು ಹೇಳಿದಾಗ ನಾನು ವಧು ಗೊಂಬೆಯ ತುಟಿಗೆ ಕೆಂಪು ಬಳಿಯುತ್ತಿದ್ದೆ. ಬ್ರಷ್ ಜಾರಿ ಅವಳಿಗೆ ಕೆಂಪು ಮೀಸೆ ಬಂತು.

"ಯಾರ ಮದುವೆಗೆ?" ಎಂದೆ.

ಮೇಯರ್ ನನ್ನ ಜೊತೆಗಾರ ನಿಕಾಂದ್ರೊನನ್ನು ನೋಡಿದ. ನಿಕಾಂದ್ರೊ ಅಂಟಿನ ಡಬ್ಬಿಯನ್ನು ನೋಡಿದ.

ನಮ್ಮದು ಆಳಿಗಿಂತ ಎತ್ತರದ ಗಾರುಡಿ ಗೊಂಬೆ ಕಟ್ಟಿ, ಒಳಗೆ ಹೊಕ್ಕು ಕುಣಿಸುವ ಕಸುಬು. ನಮ್ಮೂರು ಸಾನ್ ಮೆಲ್ಚೊರ್‌ನಲ್ಲಿ ಗೊಂಬೆಯಿಲ್ಲದೆ ಮದುವೆಯಿಲ್ಲ. ಗಂಡು ಹೆಣ್ಣು ಚರ್ಚಿನಿಂದ ಹೊರಗೆ ಬಂದರೆ ಅವರ ಮುಂದೆ ಕಾಗದದ ತಲೆಯ, ಜೊಂಡಿನ ಮೈಯ ವರ ಮತ್ತು ವಧು ಬೀದಿಯುದ್ದಕ್ಕೂ ಕುಣಿಯಬೇಕು. ವರನ ಒಳಗೆ ನಾನು, ಎಲಾದಿಯೊ. ವಧುವಿನ ಒಳಗೆ ನಿಕಾಂದ್ರೊ. ಮೀಸೆ ಚಿಗುರಿದ ಕಾಲದಿಂದ ಹೀಗೇ ಕುಣಿದಿದ್ದೇವೆ, ಊರು ಚಪ್ಪಾಳೆ ತಟ್ಟಿದೆ.

ಒಳಗಿರುವವನಿಗೆ ಕಾಣುವುದು ಗೊಂಬೆಯ ಹೊಟ್ಟೆಯ ಕಿಂಡಿಯಿಂದ ಮಾತ್ರ. ಅಂಗೈಯಷ್ಟು ಅಗಲ. ಗಿರಗಿರ ತಿರುಗಿ ಎದುರುಬದುರು ನಿಂತಾಗ ಆ ಕಿಂಡಿಯಲ್ಲಿ ಅವನ ಕಣ್ಣು ಸಿಗುತ್ತದೆ. ಹುಬ್ಬಿನ ಮೇಲೆ ಬೆವರು, ರೆಪ್ಪೆಯ ತುದಿಯಲ್ಲಿ ನಗು. ಬೇಕೆಂದೇ ಒಂದು ಹೆಜ್ಜೆ ತಪ್ಪುತ್ತಾನೆ, ನಾನು ಹತ್ತಿರ ಬರಲಿ ಅಂತ. ಹೊರಗೆ ಕಹಳೆ, ಪಟಾಕಿ, ಜನ. ಒಳಗೆ ನಾವಿಬ್ಬರೇ. ನನ್ನ ಇಡೀ ಪ್ರೇಮ ನಡೆದದ್ದು ಆ ಕಿಂಡಿಯಲ್ಲಿ.

ಇದೇ ಕಾರೆನ್ಯೊ ಹಿಂದಿನ ಚುನಾವಣೆಯಲ್ಲಿ ವೇದಿಕೆ ಹತ್ತಿ, ನಮ್ಮಂಥವರಿಂದ ಮಕ್ಕಳನ್ನು ಕಾಪಾಡುತ್ತೇನೆ ಎಂದು ಕೂಗಿದ್ದ. ಮಾರನೆಯ ಬೆಳಿಗ್ಗೆ ನಮ್ಮ ಗೇಟಿಗೆ ಸಗಣಿ ಮೆತ್ತಿತ್ತು. ಈಗ ರಾಜಧಾನಿಯಲ್ಲಿ ಗಾಳಿ ತಿರುಗಿದೆ, ನಮ್ಮಂಥವರ ಮದುವೆಗೂ ಕಾನೂನು ಬಂದಿದೆ, ಇವನ ಕೊರಳಲ್ಲಿ ಬಣ್ಣಬಣ್ಣದ ರಿಬ್ಬನ್ ಬಂದಿದೆ.

"ಪ್ರೇಮಿಗಳ ದಿನ ಚೌಕದಲ್ಲಿ ಸಾಮೂಹಿಕ ಮದುವೆ. ನೀವಿಬ್ರೂ ಮುಂದಿನ ಸಾಲಿನಲ್ಲಿ ನಿಂತ್ರೆ ಸಾಕು. ಕ್ಯಾಮೆರಾದವರು ಬರ್ತಾರೆ."

"ಸಗಣಿಯನ್ನೂ ತರ್ತಾರಾ?" ಎಂದೆ.

ಮೇಯರ್ ಕೇಳಿಸದವನಂತೆ ನಕ್ಕು ಹೊರಟುಹೋದ. ನಾನು ಬ್ರಷ್ ಎಸೆದೆ.

"ಅವನಿಗೆ ಹೇಳಿಕಳಿಸಿದ್ದು ನೀನಾ?"

"ನಾನೇ" ಎಂದ ನಿಕಾಂದ್ರೊ.

"ನಾಚಿಕೆ ಆಗಲ್ವಾ?"

"ನಿನ್ನ ಜೊತೆ ಇದ್ದೂ ನಾಚಿಕೆ ಉಳಿಯತ್ತಾ?" ಎಂದು ವಧುವಿನ ಮೀಸೆಯನ್ನು ಹೆಬ್ಬೆರಳಲ್ಲಿ ಒರೆಸಿದ. ಆಮೇಲೆ ಅವನ ದನಿ ಇಳಿಯಿತು. "ಅಮ್ಮನ ಕಾಲು ಸೋತಿದೆ ಎಲಾದಿಯೊ. ಒಬ್ಬಳೇ ಇರೋಕಾಗಲ್ಲ. ನಾನು ಹೋಗಿ ಅಲ್ಲೇ ಇರಬೇಕು. ನಿನ್ನನ್ನ ಅವಳು ಹೊಸಿಲು ದಾಟಿಸಲ್ಲ."

ಅವನ ತಾಯಿ ಎರ್ಲಿಂದಾ. ನಮ್ಮಲ್ಲಿ ಕುಣಿಯುವವನಿಗೆ ಅವನ ಮನೆಯವರು ದಾರಿಯಲ್ಲಿ ಕಾದು ನಿಂತು, ಕಿಂಡಿಯೊಳಗೆ ಒಂದು ಗುಟುಕು ಮೆಸ್ಕಾಲ್ ಮದ್ಯ ಕೊಡುತ್ತಾರೆ. ಎರ್ಲಿಂದಾ ಪ್ರತಿ ಮದುವೆಯಲ್ಲೂ ತನ್ನ ಬೀದಿಯ ಮೂಲೆಯಲ್ಲಿ ನಿಂತು ವಧುವಿನ ಕಿಂಡಿಗೆ ಲೋಟ ಹಿಡಿಯುತ್ತಾಳೆ. ಮಗನಿಗೆ ಕುಡಿಸಿ, ವರನ ಕಡೆಗೆ ಬೆನ್ನು ತಿರುಗಿಸುತ್ತಾಳೆ. ಮನೆಯವರೆನ್ನುವವರು ಯಾರೂ ಇಲ್ಲದ ನನಗೆ ಬ್ಯಾಂಡಿನವರು ಉಳಿದದ್ದನ್ನು ಕೊಡುತ್ತಾರೆ.

"ಸರ್ಕಾರದ ಮುದ್ರೆ ಬಿದ್ದು, ಪಾದ್ರಿ ತಲೆ ಮೇಲೆ ಕೈಯಿಟ್ರೆ ಅಮ್ಮನಿಗೆ ಬೇರೆ ಮಾತಿರಲ್ಲ. ಅವಳ ಮನೇಲಿ ನಿನ್ನ ಪಕ್ಕ ಕೂತು ಊಟ ಮಾಡಬೇಕು ಕಣೋ. ಅಷ್ಟೇ ನನ್ನಾಸೆ."

"ನಾನು ಒಪ್ಪಲ್ಲ ಅಂದ್ರೆ?"

"ನಾನೊಬ್ಬನೇ ಹೋಗ್ತೀನಿ."

ಅವನು ಅಳಲಿಲ್ಲ. ಅತ್ತಿದ್ದರೆ ಜಗಳ ಸುಲಭವಾಗುತ್ತಿತ್ತು. ನಾನು ಒಪ್ಪಿದೆ, ಹಲ್ಲು ಕಚ್ಚಿಕೊಂಡು.

ಫಾದರ್ ಕ್ರಿಸೋಫೊರೊ ನಮ್ಮನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಕೂರಿಸಿದರು. ರೋಮಿನಿಂದ ಅಪ್ಪಣೆ ಬಂದಿದೆಯಂತೆ. ಆಶೀರ್ವಾದ ಮಾಡಬಹುದು, ಆದರೆ ಅದು ಮದುವೆಯಲ್ಲ. ಮದುವೆಯ ಬಟ್ಟೆ ಕೂಡದು, ಮದುವೆಯ ಮಾತೂ ಕೂಡದು. "ಪಕ್ಕದ ಬಾಗಿಲಿಗೆ ಬನ್ನಿ. ಬೇಗ ಮುಗಿಸೋಣ" ಎಂದರು.

"ಸಂತ ಅಂತೋನಿಯ ಹಬ್ಬದಲ್ಲಿ ನಾಯಿ, ಕೋಳಿ, ಕತ್ತೆಗೆಲ್ಲ ಮುಂಬಾಗಿಲಲ್ಲೇ ಆಶೀರ್ವಾದ ಮಾಡ್ತೀರಲ್ಲ ಫಾದರ್" ಎಂದೆ. ನಿಕಾಂದ್ರೊ ಮೇಜಿನ ಕೆಳಗೆ ನನ್ನ ಕಾಲು ತುಳಿದ. ನಾನು ನಿಲ್ಲಿಸಲಿಲ್ಲ. "ಇಷ್ಟು ವರ್ಷ ನಮ್ಮ ಗೊಂಬೆಗಳ ಮೇಲೆ ತೀರ್ಥ ಚಿಮುಕಿಸಿದೀರಿ. ಒಳಗೆ ಯಾರಿದಾರೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು" ಎಂದರು ಫಾದರ್.

ಗೊತ್ತಿದ್ದೂ ಪ್ರತಿ ಈಸ್ಟರ್‌ಗೆ ನಮ್ಮನ್ನು ಬೈದು ಉಪದೇಶ ಮಾಡಿದ್ದ ಮನುಷ್ಯ. ಅವರ ಬಿಳಿ ತಲೆಯನ್ನು ನೋಡಿ ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಪ್ರೇಮಿಗಳ ದಿನದಂದು ಚೌಕದಲ್ಲಿ ಮದುವೆಯಾಗುವವರಿಗಿಂತ ಶಾಪ ಹಾಕುವವರು ಹೆಚ್ಚಿದ್ದರು. ಬಿಳಿ ಬಟ್ಟೆ ಹಾಕಿಕೊಂಡು, ಜಪಮಾಲೆ ಹಿಡಿದು, ನಮ್ಮ ಮುಖಕ್ಕೇ ಪ್ರಾರ್ಥನೆ ಕೂಗುತ್ತಿದ್ದರು. ಅವರಲ್ಲಿ ಎಷ್ಟೋ ಜನರ ಮದುವೆಗೆ ನಾವೇ ಕುಣಿದಿದ್ದೆವು.

"ನಿಮ್ಮಲ್ಲಿ ಹೆಂಡ್ತಿ ಯಾರ್ರೋ?" ಎಂದು ಕಟುಕನೊಬ್ಬ ಕೇಳಿದ.

"ಬಟ್ಟೆ ಒಗೆಯೋನು ಇವನು, ಬೈಯೋನು ನಾನು. ನಿಮ್ಮನೇಲಿ ಎರಡನ್ನೂ ಅವಳೇ ಮಾಡ್ತಾಳಂತಲ್ಲ" ಎಂದೆ. ನಕ್ಕವರು ಅವನ ಕಡೆಯವರೇ.

ಮೇಯರ್ ಜನವನ್ನು ಕಣ್ಣಲ್ಲೇ ತೂಗಿದ. ಮೊದಲು ನಮ್ಮನ್ನು ಮುಂದಿನ ಸಾಲಿನಿಂದ ಹಿಂದಕ್ಕೆ, ಆಮೇಲೆ ಮರದ ಹಿಂದಕ್ಕೆ ಕಳಿಸಿದ. ಕೊನೆಗೆ ಫೋನ್ ಕಿವಿಗಿಟ್ಟುಕೊಂಡು ತಾನೇ ಕಾರು ಹತ್ತಿ ಮಾಯವಾದ. ಪೂರ್ತಿ ಬೆಂಬಲ ಹೋದ ದಿಕ್ಕಿಗೆ ಧೂಳೆದ್ದಿತು.

ಕೊನೆಗೆ ನೋಂದಣಿಯ ಹೆಂಗಸು ಮರದ ಹಿಂದಕ್ಕೇ ಬಂದು ಸಿಡುಕು ಮುಖದಲ್ಲಿ ಕಾನೂನು ಓದಿದಳು. ಸಹಿ ಮಾಡುವಾಗ ನಿಕಾಂದ್ರೊನ ಬೆರಳಲ್ಲಿ ಒಣಗಿದ ಅಂಟು ಇತ್ತು. ನನ್ನ ಬೆರಳಲ್ಲೂ ಇತ್ತು. ಅವನು ಅದನ್ನು ನೋಡಿ, ನನ್ನನ್ನು ನೋಡಿ, ತುಟಿ ಕಚ್ಚಿ ನಕ್ಕ. ಆ ಒಂದು ನಗುವಿಗೆ ನಾನು ಇಡೀ ಊರನ್ನು ಎದುರು ಹಾಕಿಕೊಳ್ಳಬಲ್ಲೆ ಅನ್ನಿಸಿತು.

ಪಕ್ಕದ ಬಾಗಿಲಲ್ಲಿ ಫಾದರ್ ನಮ್ಮ ತಲೆ ಮೇಲೆ ಕೈಯಿಟ್ಟರು. ಎರಡು ಮಾತು ಹೇಳಿ ಬಾಗಿಲು ಹಾಕಿಕೊಂಡರು, ಚಿಲಕದ ಸದ್ದು ಕೇಳಿಸಿತು. ಆದರೂ ನಿಕಾಂದ್ರೊನ ಕಣ್ಣು ತುಂಬಿತ್ತು.

ನಮ್ಮ ಮದುವೆಗೆ ಗೊಂಬೆ ಕುಣಿಸುವವರು ಯಾರು? ನಾವೇ ಒಳಗೆ ಹೊಕ್ಕೆವು. ಬ್ಯಾಂಡಿನವರಲ್ಲಿ ಅರ್ಧ ಜನ ಬರಲಿಲ್ಲ. ಬಂದವರು ಊದಿದರು. ಬೀದಿಯಲ್ಲಿ ಕಿತ್ತಳೆ ಸಿಪ್ಪೆ ಬಿತ್ತು, ಒಂದೆರಡು ಕಲ್ಲೂ ಬಿದ್ದವು. ವಧುವಿನ ಕಾಗದದ ಕೆನ್ನೆ ಹರಿಯಿತು. ಕಿಂಡಿಯೊಳಗಿನ ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಎರ್ಲಿಂದಾಳ ಮೂಲೆ ಬಂತು. ಮೊದಲು ಬಂದದ್ದು ವಾಸನೆ. ಒಣಮೆಣಸು, ಚಾಕೊಲೇಟ್ ಅರೆದು ಕುದಿಸಿದ ಕೋಳಿಸಾರು. ಮದುವೆಯ ಮನೆಗಳಲ್ಲಿ ಮಾತ್ರ ಮಾಡುವ ಸಾರು.

ಅವಳು ಕೋಲೂರಿ ಲೋಟ ಹಿಡಿದು ನಿಂತಿದ್ದಳು. ವಧುವಿನ ಕಿಂಡಿಗೆ ಕೊಟ್ಟಳು. ಬೆನ್ನು ತಿರುಗಿಸುತ್ತಾಳೆ ಎಂದು ನಾನು ಕಾದೆ. ಕೋಲಿನ ಸದ್ದು ನನ್ನ ಕಡೆಗೇ ಬಂತು. ಕಿಂಡಿಯಲ್ಲಿ ಕಪ್ಪು ಶಾಲು ಕಾಣಿಸಿತು.

"ಪಾದ್ರಿ ಬಾಗಿಲು ಹಾಕ್ಕೊಂಡನಂತೆ. ಆ ಮೇಯರ್ ಓಡಿಹೋದನಂತೆ" ಎಂದಳು.

"ಹೌದು ಅಮ್ಮಾ."

"ಅಮ್ಮ ಅನ್ನಬೇಡ. ನಿನ್ನ ಕಂಡ್ರೆ ನನಗೆ ಇವತ್ತೂ ಆಗಲ್ಲ."

"ಗೊತ್ತು."

"ಕಲ್ಲು ಬಿದ್ದಾಗ ಅಡ್ಡ ನಿಂತೆಯಂತೆ, ಅವನಿಗೆ."

ಕಿಂಡಿಯೊಳಗೆ ಲೋಟ ಬಂತು, ಹಿಡಿದ ಕೈ ಮುದಿಯಾಗಿತ್ತು.

"ಕುಡಿ. ಕಾಲು ಸೋತು ಬಿದ್ರೆ ನನ್ನ ಮಗನ ಮೇಲೇ ಬೀಳ್ತೀಯ."

ಕುಡಿದೆ. ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಎದುರಿನ ಕಿಂಡಿಯಲ್ಲಿ ನಿಕಾಂದ್ರೊ ಆಗಲೇ ಅಳುತ್ತಿದ್ದ.

ಎರ್ಲಿಂದಾ ಬಾಗಿಲ ಕಡೆ ತಿರುಗಿದಳು. "ಸಾರು ಆರಿಹೋಗತ್ತೆ. ಅಷ್ಟೆತ್ತರದ ಗೊಂಬೆ ಈ ಬಾಗಿಲಲ್ಲಿ ಹಿಡಿಸಲ್ಲ. ಹೊರಗೆ ಇಟ್ಟು ನೀನೂ ಬಾ."