ಬಂದರೂ ಬಾರದ ರೇಡಿಯೇಟರ್

ಗ್ಯಾರೇಜಿನಲ್ಲಿ ಕುಳಿತುಕೊಳ್ಳಲೆಂದು ಗೋಣಿಚೀಲ ಸರಿಸಿದ ಸುಗ್ರಾಳ ಕೈ ಅಲ್ಲೇ ನಿಂತಿತು.

ಕೆಳಗಿದ್ದದ್ದು ಹೊಚ್ಚ ಹೊಸ ರೇಡಿಯೇಟರ್. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಅವಳ ತಂದೆಯ ಹೆಸರು... ಗೈಬುಸಾಬ, ಸಿಂದಗಿ. ಮಾಲು ಬಂದ ತಾರೀಖು ಓದಿದಳು. ಐದು ವಾರದ ಹಿಂದಿನದು.

"ಸೊಲ್ಲಾಪುರದಿಂದ ಇನ್ನೂ ಬಂದಿಲ್ಲ ಅಂದ್ರಲ್ಲಾ. ಹಂಗಾರ ಇದೇನ್ರಿ?"

ನಟ್ಟು ಬಿಚ್ಚುತ್ತಿದ್ದ ಮೆಕ್ಯಾನಿಕ್ ಅಬ್ದುಲಗನಿಯ ಕೈಯಲ್ಲಿದ್ದ ಪಾನಾ ಕೆಳಗಿಳಿಯಿತು.

ಅದು ೧೯೭೪ರ ಬೇಸಿಗೆ. ಸಿಂದಗಿಯಿಂದ ಯಂಕಂಚಿಗೆ ಮಂದಿಯನ್ನು ಕರೆದೊಯ್ಯುತ್ತಿದ್ದ ಗೈಬುಸಾಬರ ಹಳೇ ಜೀಪು ಒಂದು ದಿನ ಮೂತಿ ಜಜ್ಜಿಕೊಂಡು, ನೀರು ಸುರಿಸುತ್ತ ಅಬ್ದುಲಗನಿಯ ಗ್ಯಾರೇಜು ಸೇರಿತ್ತು. "ಎಮ್ಮಿ ಅಡ್ಡ ಬಂತು" ಎಂದಿದ್ದರು ಗೈಬುಸಾಬ. ರೇಡಿಯೇಟರ್ ಬೆಸುಗೆಗೂ ಬಗ್ಗದಷ್ಟು ಸೀಳಿತ್ತು. ಹೊಸದೇ ತರಿಸಬೇಕಾಯಿತು.

ತಾಯಿಯಿಲ್ಲದ ಮನೆ ಸುಗ್ರಾಳ ಹೊಲಿಗೆಯ ಮೇಲೆ ನಿಂತಿತು. ಪ್ರತಿ ಸಂತೆಯ ದಿನ ಅವಳು ಗ್ಯಾರೇಜಿಗೆ ಬಂದು ಕೇಳುತ್ತಿದ್ದಳು. "ಇನ್ನೂ ಬಂದಿಲ್ರಿ. ಚಾ ಕುಡದ ಹೋಗ್ರಿ" ಎನ್ನುತ್ತಿದ್ದ ಅವನು. ಎರಡು ಮಾತು ತಾಸಿಗೆ ಬೆಳೆಯಿತು. ಮನೆಗೆ ನಡೆಯುವಾಗ ಅವಳಿಗೆ ತಾನಾಗಿಯೇ ನಗು ಬರುತ್ತಿತ್ತು.

ಆ ನಗುವೆಲ್ಲ ಈಗ ಮುಖಕ್ಕೆ ಹೊಡೆದಂತಾಯಿತು.

"ನಾ ಬರ್ತಿರ್ಲಿ ಅಂತ ಮುಚ್ಚಿಟ್ಟಿ ಏನು?" ಇದುವರೆಗೆ ಬಹುವಚನ ಬಿಡದವಳ ಮಾತು ಏಕವಚನಕ್ಕೆ ಇಳಿದಿತ್ತು. "ನಮ್ಮಪ್ಪ ದಿನಾ ಬಾಗಿಲ ಕಾಯ್ಕೋತ ಕುಂತಾನ. ನಿನಗ ಇದು ಆಟ ಆತೇನು?"

"ಆಟ ಅಲ್ಲ, ಸುಗ್ರಾ. ನನಗ ಹೇಳಾಕ ಬರೂದಿಲ್ಲ. ನಿಮ್ಮಪ್ಪನ್ನ ಕೇಳ್ರಿ."

"ಸುಳ್ಳ ಹೇಳಿದಂವ ನೀನು. ನಮ್ಮಪ್ಪನ್ನ ಯಾಕ ಕೇಳ್ಲಿ?"

ಅಳು ಕಾಣಬಾರದೆಂದು ಅವಳು ಓಡುನಡಿಗೆಯಲ್ಲಿ ಹೊರಟಳು. ಎಷ್ಟು ನಂಬಿದ್ದೆನಲ್ಲ...

ಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಡು ಮಧ್ಯಾಹ್ನದ ಬಿಸಿಲು. ಹೊರಸಿನ ಮೇಲಿದ್ದ ಗೈಬುಸಾಬ ಅವಳತ್ತಲೇ ನೋಡಿದರು.

"ಯಾರವ್ವಾ? ಹೊಲಿಯಾಕ ಕೊಡಾಕ ಬಂದಿಯೇನು? ಸುಗ್ರಾ ಇಲ್ಲ, ಗ್ಯಾರೇಜಿಗೆ ಹೋಗ್ಯಾಳ."

ಸುಗ್ರಾ ಹೊರಸಿನ ಹತ್ತಿರ ಹೋಗಿ ನಿಂತಳು.

"ಅಪ್ಪಾ... ನಾನ."

ಗೈಬುಸಾಬರ ಮುಖ ಬಾಡಿತು.

"ಅವತ್ತ ಎಮ್ಮಿ ಅಲ್ಲವ್ವ, ಮೈಲಗಲ್ಲಿಗೆ ಹೊಡದ್ನಿ. ಕಣ್ಣಾಗ ಪೊರಿ ಬಂದೈತಿ. ಗನಿ ಗುರ್ತ ಹಿಡದ. ನಿನಗ ಹೇಳಬ್ಯಾಡಂತ ಅವನ ಕಡಿಂದ ಆಣಿ ಮಾಡಿಸಿದ್ನಿ. ಇನ್ನ ಜೀಪ್ ಹೊಡೀಬ್ಯಾಡ್ರಿ ಚಾಚಾ ಅಂತ ಕೈ ಮುಗದ. ನಾ ಕೇಳಲಿಲ್ಲ."

ಅವಳಿಗೆ ಎಲ್ಲ ತಿಳಿಯಿತು. ನೋವು ಮಾತ್ರ ಕಡಿಮೆಯಾಗಲಿಲ್ಲ.

ಆಗಲೇ ಗ್ಯಾರೇಜಿಗೆ ತಿರುಗಿ ಬಂದಳು.

"ಇಬ್ಬರೂ ಕೂಡಿ ನನ್ನ ಕುರುಡಿ ಮಾಡಿದ್ರಿ. ನನಗೊಂದ ಮಾತು ಹೇಳಬೇಕಿತ್ತು."

"ಹೌದ್ರಿ, ಹೇಳಬೇಕಿತ್ತು." ಅವನು ತಲೆ ತಗ್ಗಿಸಿದ. "ಜೋಡಿಸಿ ಕೊಟ್ರ ಚಾಚಾ ಮಂದೀನ ತುಂಬಕೊಂಡು ಹೊಡೀತಿದ್ರು. ಆ ಹೆದರಿಕಿಗೆ ಮುಚ್ಚಿಟ್ನಿ. ಬರಬರ್ತಾ... ನೀವು ಬರೂದು ನಿಲ್ಲಬಾರದು ಅಂತನೂ. ನೀವಂದದ್ದು ಪೂರಾ ಸುಳ್ಳಲ್ಲ. ನೀವಂದ್ರ ನನಗ ಜೀವ, ಸುಗ್ರಾ."

ಆ ಮಾತು ಅವಳನ್ನು ಚುಚ್ಚಿತು. ಆದರೂ ಐದು ವಾರದಲ್ಲಿ ಅವನು ಏನನ್ನೂ ಮುಚ್ಚದೆ ಆಡಿದ ಮೊದಲ ಮಾತು ಅದೇ ಎನಿಸಿತು.

"ಅದನ್ನ ಇವತ್ತ ಜೋಡಸ್ರಿ. ನಾಳಿಂದ ಜೀಪ್ ನೀವೇ ಹೊಡೀರಿ. ಅಪ್ಪನ್ನ ಕಣ್ಣಿನ ಆಪರೇಶನ್‌ಗೆ ಮಿರಜಿಗೆ ಕರಕೊಂಡ ಹೋಗೂದೈತಿ."

"ಹೊಡೀತೇನ್ರಿ. ನನ್ನ ಮಾಫ್ ಮಾಡಿದ್ರೇನು?"

"ಇನ್ನೂ ಇಲ್ಲ. ವ್ಯಾಳ್ಯಾ ಹಿಡೀತೈತಿ." ಅವಳು ಸೆರಗು ಸರಿಮಾಡಿಕೊಂಡಳು. "ಆದ್ರ... ಅಪ್ಪಗ ಕಣ್ಣ ಬಂದ ಮ್ಯಾಲೆ, ಮನಿಗೆ ಬಂದು ನನ್ನ ಲಗ್ನಕ್ಕ ಕೇಳ್ರಿ. ಬ್ಯಾಡ ಅನ್ನೂದಿಲ್ಲ."

ಅವನು ಮೆಲ್ಲಗೆ ತಲೆಯೆತ್ತಿದ.

"ಖರೇನ ಹೇಳಾಕತ್ತೀರೇನು?"

"ನಾ ಸುಳ್ಳ ಹೇಳೂದಿಲ್ರಿ," ಎಂದಳು ಸುಗ್ರಾ.