ಉಳಿದದ್ದೊಂದೇ ಲೈನು

"ಹಾಗಾದ್ರೆ ನಾನು ಬ್ಯಾಕಪ್ಪಾ? ಅಲ್ಲಿ ಮೇನ್ ಲೈನ್ ಕಟ್ಟಾಯ್ತು ಅಂತ ಇಲ್ಲಿಗೆ ಬಂದ್ರಾ?"

ಮದುವೆಯಾಗ್ತೀರಾ ಎಂದು ಕೇಳಿದ ಮೇಷ್ಟ್ರಿಗೆ ನಾನು ಕೊಟ್ಟ ಉತ್ತರ ಇದು. ಅವರಿಗೆ ನಿಶ್ಚಯವಾಗಿದ್ದ ಮದುವೆ ತಪ್ಪಿಹೋದ ಸುದ್ದಿಯನ್ನು ಅಕ್ಕ ಎಲ್ಲಿಂದಲೋ ಹೆಕ್ಕಿ ತಂದಿದ್ದಳು. ಮೇಷ್ಟ್ರು ಮೆಟ್ಟಿಲಿಳಿದು ಹೋದರು. ಮರುದಿನ ಕೇಳಿದರೆ ಬೇರೆ ಊರಿನ ಶಾಖೆಗೆ ವರ್ಗ ಮಾಡಿಸಿಕೊಂಡಿದ್ದಾರಂತೆ. ಅವತ್ತು ಮಧ್ಯಾಹ್ನವೇ ಬಸ್ಸು.

ಮೇಷ್ಟ್ರು ಎಂದರೆ ಶಾಲೆಯವರಲ್ಲ. ನಮ್ಮ ಇಂಟರ್ನೆಟ್ ಆಫೀಸಿನಲ್ಲಿ ಕೇಬಲಿನೊಳಗಿನ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳನ್ನು ಬೆಸೆಯುವವರು. ಎಲ್ಲದಕ್ಕೂ ಬುದ್ಧಿ ಹೇಳುತ್ತಾರೆಂದು ಆ ಹೆಸರನ್ನು ನಾನೇ ಇಟ್ಟಿದ್ದೆ. ವಾರಕ್ಕೊಮ್ಮೆ ಪರೀಕ್ಷೆಗೆಂದು ಅವರು ಬೇಕೆಂದೇ ಮುಖ್ಯ ಕೇಬಲ್ ಕೀಳುವರು. ಟೆರೇಸಿನ ಡಿಶ್‌ನಿಂದ ಬರುವ ಬದಲಿ ಲೈನು, ಬ್ಯಾಕಪ್, ತಾನಾಗಿ ಎದ್ದೇಳುತ್ತದೋ ಇಲ್ಲವೋ ಎಂದು ನಾನು ಪರದೆ ನೋಡುವೆ.

"ಕೀಳ್ಲಾ?"

"ಕೀಳಿ."

ಕೇಳದೆ ಒಂದು ದಿನವೂ ಕಿತ್ತವರಲ್ಲ. ಕೇಳುವಾಗ ಕನ್ನಡಕದ ಮೇಲಿಂದ ಒಂದು ನೋಟ. ಆ ನೋಟಕ್ಕಾಗಿ ವಾರವಿಡೀ ಕಾಯುತ್ತಿದ್ದವಳು ನಾನು. ಆಡಿದ್ದು ನೋಡಿದರೆ ಎಂಥ ಮಾತು! ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ.

ಅದೇ ಮಧ್ಯಾಹ್ನ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿಬಿಟ್ಟರು. ಪರದೆ ತುಂಬ ಕೆಂಪು. ಬ್ಯಾಕಪ್ಪೇನೋ ಎದ್ದಿತು, ಆದರೆ ಊರೆಲ್ಲ ಅದರ ಮೇಲೆ ಬಿದ್ದು ಏದುಸಿರು ಬಿಡತೊಡಗಿತು. ಮೇಜಿನ ಫೋನ್ ಬಡಿದುಕೊಂಡಿತು.

"ಅಕ್ಕಾ, ಆಸ್ಪತ್ರೆಯಿಂದ. ಹೆರಿಗೆ ಆಪರೇಷನ್ ನಡೀತಿದೆ. ದೊಡ್ಡ ಡಾಕ್ಟರು ವಿಡಿಯೋದಲ್ಲಿ ಹೇಳಿಕೊಡ್ತಿದ್ದಾರೆ, ಚಿತ್ರ ನಿಂತು ನಿಂತು ಬರ್ತಿದೆ. ಏನಾದ್ರೂ ಮಾಡಿ, ದಮ್ಮಯ್ಯ!" ನರ್ಸ್ ಅಳುತ್ತಿದ್ದಳು.

ಆಸ್ಪತ್ರೆಗೆ ದಾರಿ ಬಿಡಲೆಂದು ನಾನು ಮನೆಗಳ ಲೈನ್ ಮುಚ್ಚಿದೆ. ಅಂಗಡಿಗಳದ್ದು ಮುಚ್ಚಿದೆ. ಬ್ಯಾಂಕಿನದ್ದೂ. ಸಾಲಲಿಲ್ಲ. ಇನ್ನುಳಿದದ್ದು ಆಸ್ಪತ್ರೆ, ನಮ್ಮ ಆಫೀಸು. ಈ ಪರದೆಯೊಂದನ್ನು ಬಿಟ್ಟು ಆಫೀಸಿನ ಕ್ಯಾಮೆರಾ, ಕಂಪ್ಯೂಟರು, ಮೇಜಿನ ಫೋನು ಎಲ್ಲವೂ ಒಂದೇ ಲೈನಿನಲ್ಲಿ. ನನ್ನ ಮೊಬೈಲಂತೂ ಚಾರ್ಜಿಲ್ಲದೆ ಆಗಲೇ ಸತ್ತಿತ್ತು.

ಆಗ ಮತ್ತೆ ರಿಂಗಾಯಿತು.

"ನಾನು. ಬಸ್ಸಲ್ಲಿ ಕೂತಿದ್ದೀನಿ." ಮೇಷ್ಟ್ರ ದನಿ. "ಒಂದೇ ಮಾತು ಹೇಳಿ. ಇರ್ಲಾ, ಹೋಗ್ಲಾ?"

ಇರಿ ಎನ್ನಲು ಬಾಯಿ ತೆರೆದೆ. ಪರದೆಯಲ್ಲಿ ಆಸ್ಪತ್ರೆಯ ಹಸಿರು ದೀಪ ಆರಿತು, ಹತ್ತಿತು, ಮತ್ತೆ ಆರಿತು. ಆಫೀಸಿನ ಲೈನ್ ಮುಚ್ಚಿಬಿಟ್ಟೆ.

ಫೋನ್ ಸತ್ತಿತು. ಆಸ್ಪತ್ರೆಯ ದೀಪ ನಿಂತು ಉರಿಯಿತು.

ಕೇಬಲ್ ತುಂಡಾಗಿದೆ ಎಂದಾದರೂ ಹೇಳಬಾರದಿತ್ತೇ! ಅದನ್ನು ಬೆಸೆಯಬಲ್ಲ ಒಬ್ಬನೇ ಮನುಷ್ಯ ಆ ಬಸ್ಸಿನಲ್ಲಿ. ನಾನು ಪ್ರೀತಿಸಿದ ಒಬ್ಬನೇ ಮನುಷ್ಯನೂ ಅವನೇ. ಓಡಿಹೋಗೋಣವೆಂದರೆ ಆ ದೀಪ ಬಿಟ್ಟು ಏಳುವಂತಿಲ್ಲ. ಕಣ್ಣು ಅದರ ಮೇಲೇ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ.

ಎಷ್ಟು ಹೊತ್ತಾಯಿತೋ. ಪರದೆಯ ಕೆಂಪು ಒಂದೊಂದಾಗಿ ಹಸಿರಾಯಿತು. ಯಾರೋ ಕೇಬಲ್ ಬೆಸೆದಿದ್ದರು. ನಂಬಲಾಗದೆ ಮುಚ್ಚಿದ ಲೈನುಗಳನ್ನೆಲ್ಲ ತೆರೆಯುತ್ತಿದ್ದೆ, ಬಾಗಿಲಲ್ಲಿ ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡ ಮೇಷ್ಟ್ರು.

"ಫೋನ್ ಇಟ್ಬಿಟ್ರಿ."

"ಆಸ್ಪತ್ರೆಗೆ ಲೈನ್ ಬಿಡೋಕೆ..."

"ಗೊತ್ತಾಯ್ತು. ನೀವು ಬೈದು ಇಡೋರು. ಬೈಯದೇ ಇಟ್ರಿ ಅಂದ್ಮೇಲೆ ಲೈನೇ ಹೋಗಿದೆ ಅಂತ ಇಳಿದ್ಬಿಟ್ಟೆ. ರಸ್ತೆ ಅಗೆದಲ್ಲಿ ಕೇಬಲ್ ತುಂಡಾಗಿದ್ದು ಕಾಣಿಸ್ತು." ಕನ್ನಡಕ ಒರೆಸಿಕೊಂಡರು. "ಇನ್ನೊಂದು ವಿಷಯ. ಆ ಮದುವೆ ತಪ್ಪಿದ್ದಲ್ಲ. ನಾನೇ ಬೇಡ ಅಂದಿದ್ದು. ನಿಮ್ಮನ್ನ ನೋಡಿದ್ಮೇಲೆ."

ಕುರ್ಚಿಯೊಂದನ್ನು ಅವರತ್ತ ತಳ್ಳಿದೆ.

"ಸಂಜೆ ಇನ್ನೊಂದು ಬಸ್ಸಿದೆ. ಹತ್ಲಾ?" ಕನ್ನಡಕದ ಮೇಲಿಂದ ಅದೇ ನೋಟ.

"ಹತ್ತಿ ನೋಡಿ, ಕಾಲು ಮುರೀತೀನಿ."

ಫೋನ್ ಬಡಿದುಕೊಂಡಿತು. "ಅಕ್ಕಾ, ಇಬ್ರೂ ಚೆನ್ನಾಗಿದ್ದಾರೆ! ಕೇಳಿಸ್ಕೊಳ್ಳಿ."

ರಿಸೀವರನ್ನು ನಡುವೆ ಹಿಡಿದೆ. ಕೂಸು ಊರು ಎದ್ದೇಳುವಂತೆ ಅಳುತ್ತಿತ್ತು. ಕೇಳಲೆಂದು ಬಗ್ಗಿದ ಮೇಷ್ಟ್ರ ಕೆನ್ನೆ ನನ್ನ ಕೆನ್ನೆಗೆ ತಾಗಿತು.

"ಈ ಸಲ ಇಡಬೇಡಿ," ಎಂದರು.

ಇಡಲಿಲ್ಲ.